ಮದುವೆ ಕಂಬಳಿಯ ನೂಲು

ಶೆಟಿಕಾಂ,
೧೧ ಅಕ್ಟೋಬರ್ ೧೯೨೬

ಪ್ರೀತಿಯ ಝೆಲಿ,

ಹೇಗಿದ್ದೀಯ ಮಗಳೇ? ಆ ಗಿರಣಿಯ ಧೂಳಿಗೆ ಹತ್ತಿಕೊಂಡ ಕೆಮ್ಮು ಬಿಟ್ಟಿತೇ? ನಾನು ಗಟ್ಟಿಮುಟ್ಟಾಗಿದ್ದೇನೆ. ಈ ವರ್ಷ ನಮ್ಮ ಕರಾವಳಿಯಲ್ಲಿ ನನ್ನಷ್ಟು ಕಾಡ್ ಮೀನು ಹಿಡಿದವರಿಲ್ಲ. ಯಾರಾದರೂ ಬೇರೆ ಬರೆದಿದ್ದರೆ ನಂಬಬೇಡ.

ಆದರೆ ಈ ಊರಿನ ಹೆಂಗಸರಿಂದ ನನಗೆ ಸಾಕುಸಾಕಾಗಿದೆ. ನಿನ್ನ ಮದುವೆಯ ಬಿಳಿ ಕಂಬಳಿಗೆ ನೂಲು ತೆಗೆಯಲು ಮಂಗಳವಾರ ನೆರೆಯವರೆಲ್ಲ ತಂತಮ್ಮ ರಾಟೆ ಹೊತ್ತು ನಿಮ್ಮ ಮನೆಗೆ ಬಂದಿದ್ದರು. ಉಣ್ಣೆ ಹಿಂಜುವ ಹಣಿಗೆಗಳ ಸದ್ದಿಗಿಂತ ನಾಲಗೆಗಳ ಸದ್ದೇ ಜೋರು. ಅಷ್ಟರಲ್ಲಿ ನಿನ್ನಮ್ಮನ ರಾಟೆಯ ಹುರಿ ಫಟ್ಟನೆ ಹರಿಯಿತು. ಹತ್ತಿಯ ಹುರಿ ಎಲ್ಲಿ ಸಿಕ್ಕೀತೆಂದು ಇವರ ಗೋಳೋ ಗೋಳು. ನಾನು ಸುಮ್ಮನಿರುವವನೇ? ನನ್ನ ಬಲೆಯ ಹುರಿಯನ್ನೇ ಚಕ್ರಕ್ಕೆ ಬಿಗಿದುಕೊಟ್ಟೆ. ತಿಮಿಂಗಿಲ ಎಳೆದರೂ ಹರಿಯದ ಹುರಿ! ರಾಟೆ ಬುಗುರಿಯಂತೆ ತಿರುಗಿತು. ಅಕ್ಕ, "ನನ್ನ ತಮ್ಮನ ಕೈಯೇ ಕೈ ಕಣ್ರೇ" ಎಂದಳು.

ಬಲೆಯ ಹುರಿಗೆ ಡಾಂಬರು ಬಳಿದಿರುತ್ತದೆಂದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆಗಲೇ ಹೇಳಬಾರದಿತ್ತೇ? ಒಲೆಯ ಕಾವಿಗೆ ಅದು ಕರಗಿ ನೂಲಿಗೆಲ್ಲ ಸಿಡಿದ ಮೇಲೆ ನೆರೆಮನೆಯ ಮಾರ್ಸೆಲಿನ್ ನನ್ನ ತೋಳು ಹಿಡಿದು ಹೊರಗೆ ಎಳೆದೊಯ್ದು, ಪಿಸುದನಿಯಲ್ಲೇ ಉಗಿದಳು: "ಲೋ ಫಿಲಿಯಾ, ಮದುವೆ ಹೆಣ್ಣು ಹೊದೆಯೋದು ಕಂಬಳೀನೋ, ನಿನ್ನ ಹಳೇ ದೋಣಿ ಹಾಯಿನೋ? ಮೀನಿಗೂ ನಿನ್ನಷ್ಟು ಬುದ್ಧಿ ಕಮ್ಮಿ ಇರಲ್ಲ!" ಅಂದಿನಿಂದ ಊರಿಗೆ ಊರೇ ನನ್ನನ್ನು ಡಾಂಬರು ಮಾವ ಎನ್ನುತ್ತಿದೆ. ಪೂಜೆಯ ಹೊತ್ತಿನಲ್ಲಿ ಪಾದ್ರಿಗಳು ಕೂಡ ನನ್ನ ಕೈ ನೋಡಿ ಮುಗುಳ್ನಕ್ಕರು. ಸಾಲದೆಂದು ಈ ಹೆಂಗಸರು ನನ್ನನ್ನೇ ಕೂರಿಸಿ ಹೊಸ ಉಣ್ಣೆ ಹಿಂಜಿಸುತ್ತಿದ್ದಾರೆ! ಹಣಿಗೆಯ ಹಲ್ಲು ಚುಚ್ಚಿ ಬೆರಳೆಲ್ಲ ತೂತು. ಆದರೂ ಅವರೆಲ್ಲರಿಗಿಂತ ನನ್ನ ಉಣ್ಣೆಯೇ ನಯ, ಬೇಕಾದರೆ ಬಂದು ಮುಟ್ಟಿ ನೋಡು.

ನಿನ್ನ ಹುಡುಗನಿಗೆ ಬೆನ್ನು ತಟ್ಟಿದೆನೆಂದು ಹೇಳು. ಸಂತ ಆನ್ ತಾಯಿ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಸೋದರಮಾವ,
ಫಿಲಿಯಾ

ಮರೆತೆ. ಅಂದು ಎಲ್ಲರೂ ಪಿಸುಗುಟ್ಟಿ ಬೈದರು, ನಿನ್ನಮ್ಮ ಮಾತ್ರ ಬೈಯಲಿಲ್ಲ. ಆ ಕರಿ ಮೆತ್ತಿದ ನೂಲನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡೋ, ಎಷ್ಟು ಬೆಳ್ಳಗೆ ಬಂದಿದೆ, ನನ್ನ ಝೆಲಿಗೆ ಒಪ್ಪುತ್ತೆ" ಎಂದಳು. ನಾನೂ, "ಹೌದಕ್ಕಾ, ಹಾಲಿನ ಹಾಗಿದೆ" ಎಂದುಬಿಟ್ಟೆ. ಮದುವೆಯನ್ನು ವಸಂತಕ್ಕೆ ಇಟ್ಟುಕೊಂಡಿದ್ದೀರಂತೆ. ಅಷ್ಟು ಕಾಯಬೇಡ ಮಗಳೇ. ಅವಳ ಕಣ್ಣಿಗೆ ನಿನ್ನ ಮುಖ ಇನ್ನೂ ಕಾಣುವಾಗಲೇ ಬಂದುಬಿಡು.