ಹಕ್ಕಿಯೆದುರು ಕೊಟ್ಟ ಮಾತು

ಮಾಡ್ಬರಿ, ಅಡಿಲೇಡ್
ಜುಲೈ ೧೬, ಗುರುವಾರ

ಪ್ರಣತಿ ಮಗಳೇ,

ಹಾಗಾದರೆ ನಮ್ಮ ಹಿತ್ತಲಿಗೆ ಬರುವ ಹಕ್ಕಿ ಹಮ್ಮಿಂಗ್‌ಬರ್ಡ್ ಅಲ್ಲವೇ ಅಲ್ಲ ಎಂದು ನಿನ್ನೆ ಫೋನಿನಲ್ಲಿ ನೀನೂ ಅಣ್ಣನ ಪಕ್ಷ ಸೇರಿದೆಯಲ್ಲ, ಇರಲಿ. ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಬ್ರಿಸ್ಬೇನಿನಲ್ಲಿ ಚಳಿಯೇ ಇಲ್ಲ ಎಂದುಕೊಂಡು ಎಯ್ಟ್ ಮೈಲ್ ಪ್ಲೇನ್ಸ್‌ನ ಆಫೀಸಿಗೆ ತೆಳ್ಳನೆ ಅಂಗಿಯಲ್ಲಿ ಓಡಾಡಬೇಡ. ನನ್ನ ಮಂಡಿ ಹಾಗೇ ಇದೆ.

ಅಣ್ಣನ ಮಗಳು ನಿಸರ್ಗ ಕೂಡ ಅದನ್ನೇ ಹೇಳಿದಳು: “ತಾತಾ, ನೋ ಹಮ್ಮಿಂಗ್‌ಬರ್ಡ್ಸ್ ಇನ್ ಆಸ್ಟ್ರೇಲಿಯಾ. ಇಟ್ಸ್ ಎ ಸ್ಪೈನ್‌ಬಿಲ್.” ಇಲ್ಲಿನದೇ ಜೇನು ಹೀರುವ ಹಕ್ಕಿಯಂತೆ. ಹಮ್ಮಿಂಗ್‌ಬರ್ಡ್ ಬಗ್ಗೆ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿದ್ದು ಅಷ್ಟಿಷ್ಟು ನೆನಪು, ‘ಇಟ್ ಸ್ಟ್ಯಾಂಡ್ಸ್ ಸ್ಟಿಲ್ ಇನ್ ದಿ ಏರ್’, ಮುಂದಿನದು ಮರೆತಿದೆ. ಇದೂ ಹಿತ್ತಲಿನ ಸಕ್ಕರೆನೀರಿನ ಬಾಟಲಿಯ ಮುಂದೆ ಗಾಳಿಯಲ್ಲಿ ನಿಂತೇ ಕುಡಿಯುತ್ತದೆ. ಬಾಗಿದ ಉದ್ದ ಕೊಕ್ಕು, ಕತ್ತಿನಲ್ಲಿ ಇಟ್ಟಿಗೆ ಬಣ್ಣದ ಬೊಟ್ಟು. ಕುಡಿದಾದ ಮೇಲೆ ಅಡುಗೆಮನೆಯ ಕಿಟಕಿಗೆ ಬಂದು ಒಳಗೆ ಇಣುಕುತ್ತದೆ, ಒಲೆಯ ಮೇಲೆ ಹಾಲಿಟ್ಟು ಮರೆತಿದ್ದೀನೇನೋ ಎಂದು ನೋಡುವವಳ ಹಾಗೆ. ನಗಬೇಡ.

ನಿನಗೆ ರಜೆ ಸಿಗದೆ ತಪ್ಪಿಹೋದ ಅಮ್ಮನ ತಿಥಿಯ ದಿನ ಏನಾಯಿತೆಂದು ನಿನ್ನ ಅಣ್ಣ ಗುರುದತ್ ಪೂರ್ತಿ ಹೇಳಿರಲಾರ. ಹಿತ್ತಲಿನಲ್ಲಿ ಪಿಂಡ ಇಟ್ಟು ಕಾದೆವು. ಕಾಗೆಗಳು ಬೇಲಿಯ ಮೇಲೆ ಕೂತವೇ ಹೊರತು ಇಳಿಯಲಿಲ್ಲ. ನಿಮ್ಮಮ್ಮ ಕಸ್ತೂರಿಗೆ ಏನೋ ಆಸೆ ಉಳಿದಿದೆ, ಮಾತು ಕೊಡಬೇಕು ಅಂದೆ. ಪ್ರಣತಿಗೆ ಮದುವೆ ಮಾಡ್ತೀನಿ ಅಂದೆ, ಇಳಿಯಲಿಲ್ಲ. ಅದು ನನ್ನ ಕೈಲಿಲ್ಲ ಎಂದು ಕಾಗೆಗೂ ಗೊತ್ತು. ಮಾತ್ರೆ ತಪ್ಪದೆ ನುಂಗ್ತೀನಿ ಅಂದೆ. ಅದನ್ನಂತೂ ಅವಳು ನಂಬುವವಳೇ ಅಲ್ಲ. ಗುರುದತ್‌ಗೆ ಆಫೀಸಿನ ಮೀಟಿಂಗು. ಗಡಿಯಾರ ನೋಡಿ, ಕೈಮುಗಿದು, “ಅಮ್ಮಾ, ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ, ಬಾಮ್ಮ” ಅಂದ. ತಕ್ಷಣ ಬಂದದ್ದು ಕಾಗೆಯಲ್ಲ, ಈ ಹಕ್ಕಿ. ಪಿಂಡದ ಮೇಲೆ ಗಾಳಿಯಲ್ಲಿ ನಿಂತು, ಎಲೆಗೆ ಇಳಿದಿದ್ದ ಜೇನುತುಪ್ಪಕ್ಕೆ ಕೊಕ್ಕಿಟ್ಟಿತು. ಮರುದಿನವೇ ನಾನು ಬಾಟಲಿ ತೂಗುಹಾಕಿದ್ದು.

ಈಗ ಅವನಿಗೆ ಪರ್ತ್‌ನಲ್ಲಿ ದೊಡ್ಡ ಕೆಲಸ. ಮುಂದಿನ ತಿಂಗಳು ಮನೆ ಸಾಮಾನು ಸಾಗಿಸಲು ಲಾರಿ ಬರುತ್ತದೆ. ಕೊಟ್ಟ ಮಾತು ಏನಾಯ್ತೋ ಅಂದರೆ, “ಅಪ್ಪಾ, ಲೇಟಾಗ್ತಿತ್ತು, ಏನೋ ಅಂದ್ಬಿಟ್ಟೆ. ಸ್ವಾನ್ ವ್ಯಾಲಿ ಹತ್ರ ಇದಕ್ಕಿಂತ ದೊಡ್ಡ ಹಿತ್ತಲು, ಬಾಟಲ್ ಅಲ್ಲೇ ಹಾಕಿ” ಎನ್ನುತ್ತಾನೆ. ಬಾಟಲಿ ಬರುತ್ತದೆ, ಸರಿ. ಕಡೆಗಾಲದಲ್ಲೂ ಈ ಅಡುಗೆಮನೆ ಬಿಟ್ಟು ಆಸ್ಪತ್ರೆಗೆ ಹೋಗಲ್ಲ ಅಂದವಳು ಬರುತ್ತಾಳೆಯೇ?

ಅಕ್ಷರ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣಗಿರು.

ನಿನ್ನ ಅಪ್ಪ,
ಉಮಾಕಾಂತ

ಅವಸರದಲ್ಲಿ ಇನ್ನೊಂದು, ಮೇಲೆ ಬರೆಯಲು ಮನಸ್ಸಾಗಲಿಲ್ಲ: ಸಾಮಾನು ಕಟ್ಟಲು ಶುರುಮಾಡಿದಾಗಿನಿಂದ ಅದು ಸಕ್ಕರೆನೀರು ಮುಟ್ಟಿಲ್ಲ. ಕಿಟಕಿಯಲ್ಲಿ ನಿಂತು ನೋಡುತ್ತದೆ, ಅಷ್ಟೆ. ಲಾರಿ ಬರುವುದರೊಳಗೆ ನೀನು ಬಾ. ಅವಳಿಗೆ ಮಾತು ಕೊಟ್ಟಿಲ್ಲದವಳು ನೀನೊಬ್ಬಳೇ. ನಾವು ಹೊರಟೆವು, ನಮ್ಮನ್ನು ಬಿಟ್ಟುಕೊಡಮ್ಮ ಎಂದು ನೀನೇ ಹೇಳಬೇಕು. ನಾನು ಹೇಳಲು ನಿಂತರೆ ಇಲ್ಲೇ ಉಳಿದುಬಿಡುತ್ತೇನೆ.