ಬಟ್ಟಲಿಗೆ ಅರಿಶಿನ

ಸೆಪ್ಟೆಂಬರ್ 12, ಶುಕ್ರವಾರ

ಲೋಕಲ್ ರೈಲು ತಪ್ಪಿತು. ಗ್ಯಾಲರಿಗೆ ತಡ. ಅನಿಕೇತ್ ಸರ್ ಬೈಯಲಿಲ್ಲ — ಹೊಸ ಮಾಲು ಬಂದ ಖುಷಿ. ಪರ್ಶಿಯಾದ ಗಾಜಿನ ಬಟ್ಟಲು, ಸಾವಿರದ ನಾನೂರು ವರ್ಷ ಹಳೆಯದಂತೆ. ಅರ್ಧ ತೆಂಗಿನ ಚಿಪ್ಪಿನಷ್ಟು. ಮೈತುಂಬ ಜೇನುಹುಟ್ಟಿನ ಹಾಗೆ ಕೊರೆದ ದುಂಡು ಕಣ್ಣುಗಳು. ಮಣ್ಣಲ್ಲಿ ಹೂತಿದ್ದಕ್ಕೆ ಮೇಲೊಂದು ಕಾಮನಬಿಲ್ಲಿನ ಪೊರೆ. ಬೆಲೆಯೆಲ್ಲ ಆ ಪೊರೆಗೆ. ಒದ್ದೆ ಕೈ ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ, ಮತ್ತೆ ಹೋಗುವುದಿಲ್ಲ — ಸರ್ ಬಂದವರಿಗೆಲ್ಲ ಹೇಳುತ್ತಾರೆ. ಟೀ ಕೊಡುತ್ತ ಕೊಡುತ್ತ ನನಗೂ ಬಾಯಿಪಾಠ.

ಇಂಥದೇ ಒಂದು ಹೋದ ವರ್ಷ ಸೀಳಿತ್ತು. ಆಗ ಪ್ಯಾಕಿಂಗ್ ಮಾಡುತ್ತಿದ್ದವರು ಇವರು, ನನ್ನ ಗಂಡ. ಬೆಳಿಗ್ಗೆ ಪೆಟ್ಟಿಗೆ ತೆಗೆದರೆ ಸೀಳು. ಇವರ ತಲೆಗೇ ಕಟ್ಟಿ ಕೆಲಸದಿಂದ ತೆಗೆದರು. ಈಗ ದಹಿಸರ್‌ನಲ್ಲಿ ಟೈಲ್ಸ್ ಹೊರುತ್ತಾರೆ. ಮನೆಯಲ್ಲಿ ಗಾಜಿನ ಲೋಟ ಮುಟ್ಟುವುದಿಲ್ಲ, ಚಹಾಕ್ಕೂ ಸ್ಟೀಲು. ನನ್ನನ್ನು ರಿಸೆಪ್ಷನ್‌ನಲ್ಲಿ ಉಳಿಸಿಕೊಂಡದ್ದು ದೊಡ್ಡ ಉಪಕಾರವಂತೆ. ಉಪಕಾರ!

ಸೆಪ್ಟೆಂಬರ್ 15

ಕಸ ಗುಡಿಸುವ ಸೋಮವ್ವ ಇವತ್ತು ಬಾಯಿಬಿಟ್ಟಳು. ಹೊಸ ಬಟ್ಟಲು ನೋಡಿ ತಡೆಯಲಾಗಲಿಲ್ಲವೇನೋ.

"ಅವತ್ತು ಪಾರ್ಟಿಯೊಳಗ ಲಾವಣ್ಯಾ ಮೇಡಂ ಅದನ್ನ ಎತ್ತಿ ತೋರಸ್ತಿದ್ರು. ಕೈಯಾಗಿನ ಪಾಟ್ಲಿ ಟಣ್ ಅಂತ ಬಡೀತು. ಸುಮ್ನ ಇಟ್ಟುಬಿಟ್ರು. ನಾ ಕಣ್ಣಾರೆ ಕಂಡೀನಿ. ನನ್ನ ಹೆಸರು ಹೇಳಬ್ಯಾಡವ್ವಾ, ನನಗೂ ಹೊಟ್ಟಿ ಅದ."

ಲಾವಣ್ಯಾ ಮೇಡಂ ಅಂದರೆ ಸರ್ ಹೆಂಡತಿ. ಆ ಅಗಲದ ಬಂಗಾರದ ಬಳೆ ಇವತ್ತೂ ಕೈಯಲ್ಲಿತ್ತು. ಮೈಯೆಲ್ಲ ಉರಿಯಿತು. ಅದೇ ಕೈಗೆ ನೀರಿನ ಗ್ಲಾಸು ಕೊಟ್ಟೆ.

ಸೆಪ್ಟೆಂಬರ್ 16

ಇವರಿಗೆ ಹೇಳಿದೆ. ನಂಬಲಿಲ್ಲ.

"ನನಗ ಸಮಾಧಾನ ಮಾಡಾಕ ಹೇಳಾಕತ್ತಿ. ಕೈ ನಂದs ತಪ್ಪಿರತೈತಿ ಬಿಡು."

ತಮ್ಮ ಕೈಯ ಮೇಲೆ ತಮಗೇ ನಂಬಿಕೆ ಇಲ್ಲದ ಹಾಗೆ ಮಾಡಿಟ್ಟಿದ್ದಾಳೆ ಆ ಲಾವಣ್ಯಾ. ಬಿಡುವುದಿಲ್ಲ ಇವಳನ್ನು.

ಸೆಪ್ಟೆಂಬರ್ 24

ದೇವರು ದೊಡ್ಡವನು. ದಾರಿ ತಾನಾಗಿ ತೆರೆಯಿತು.

ದಸರಾ ದಿನ ಬಟ್ಟಲು ಕೊಳ್ಳುವವರು ಬರುತ್ತಾರೆ. ಇಲ್ಲಿಯ ರೂಢಿಯಂತೆ ಅವತ್ತೇ ಗ್ಯಾಲರಿಯ ಪೂಜೆ. ಮೇಡಂ ನನ್ನ ಹತ್ತಿರ ಬಂದು, "ನಮ್ಮ ಮೈಸೂರು ಕಡೆ ಆಯುಧಪೂಜೆಗೆ ಯಾವುದನ್ನೂ ಬಿಡಲ್ಲ ಕಣೇ. ಬಟ್ಟಲಿಗೂ ಅರಿಶಿನ ಕುಂಕುಮ ಇಡೋಣ, ಫೋಟೋ ಚೆನ್ನಾಗಿ ಬರುತ್ತೆ. ನಮ್ಮವ್ರಿಗೆ ಹೇಳ್ಬೇಡ, ಸರ್‌ಪ್ರೈಸ್" ಅಂದರು.

ಒದ್ದೆ ಕೈ ತಾಗಬಾರದು ಅಂತ ಗಂಡ ಹೇಳಿದ್ದನ್ನು ಒಂದು ದಿನವೂ ಕಿವಿಗೆ ಹಾಕಿಕೊಂಡವಳಲ್ಲ.

"ಇಡ್ರಿ ಮೇಡಂ, ದೇವರ ಕೆಲಸ. ಅರಿಶಿನ ನಾನs ಕಲಸಿ ಇಡ್ತೀನಿ" ಅಂದೆ.

ಆಮೇಲೆ ಬಟ್ಟಲಿನ ಆಚೆ ನಿಂತಿದ್ದಳು. ಗಾಜಿನ ಕಣ್ಣು ಕಣ್ಣಲ್ಲೂ ಒಂದೊಂದು ಪುಟ್ಟ ಲಾವಣ್ಯಾ. ಒಬ್ಬೊಬ್ಬಳಿಗೂ ಮನಸ್ಸಿನಲ್ಲೇ ಅರಿಶಿನ ಬಳಿದೆ.

ಅಕ್ಟೋಬರ್ 1

ಒಳ್ಳೆ ಕಡುಹಳದಿ ಅರಿಶಿನ ಆರಿಸಿ ತಂದೆ. ಮನೆಗೆ ಬಂದರೆ ಇವರು ಬಾಗಿಲಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಾರೆ. ಗಾಜು ಮುಟ್ಟುವ ಮೊದಲು ಹಾಗೆ ಮಾಡುತ್ತಿದ್ದರು.

"ಸಾಹೇಬ್ರು ಫೋನ್ ಮಾಡಿದ್ರು. ಹೊಸ ಹುಡುಗ ಬಟ್ಟಲಾ ಎತ್ತಾಕ ಹೆದರತಾನಂತ. ನಾಳೆ ಒಂದಿನ ಬಾ ಚಂದ್ರಾಮ ಅಂದ್ರು."

ಅಂಗಿ ಇಸ್ತ್ರಿ ಮಾಡಿ ಮೊಳೆಗೆ ತೂಗುಹಾಕಿದ್ದಾರೆ. ಮುಖದಲ್ಲಿ ಆ ನಗು — ನೋಡಿ ಎಷ್ಟು ಕಾಲವಾಯಿತು.

ಬಟ್ಟಲು ಇವರ ಕೈಯಲ್ಲಿದ್ದಾಗಲೇ ಕಲೆಯಾದರೆ? ಮತ್ತೆ ಇವರೇ ತಪ್ಪಿತಸ್ಥರು. ಹೋಗಬೇಡಿ ಅಂದೆ. ಯಾಕೆ ಅಂದರು. ಏನು ಹೇಳಲಿ... ಅರಿಶಿನದ ಪುಡಿಕೆ ಇನ್ನೂ ಪರ್ಸಿನಲ್ಲೇ ಇದೆ. ಎಸೆಯಲು ಮನಸ್ಸು ಬರುತ್ತಿಲ್ಲ.

ಅಕ್ಟೋಬರ್ 2, ದಸರಾ. ಸಂಜೆ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಅರಿಶಿನ ಕಲಸಿದೆ. ಹೌದು, ಕಲಸಿದೆ. ಕೊನೆಯವರೆಗೂ ಸೇಡೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಇವರು ಎರಡೂ ಅಂಗೈಯಲ್ಲಿ ಬಟ್ಟಲು ಎತ್ತಿ ಹಿಡಿದರು, ಎಳೆಗೂಸನ್ನು ಹಿಡಿದ ಹಾಗೆ. ಮೇಡಂ ಅರಿಶಿನದಲ್ಲಿ ಬೆರಳು ಅದ್ದಿದರು. ಅಷ್ಟರಲ್ಲಿ ಲಿಫ್ಟ್ ಬಾಗಿಲು — ಸರ್, ಹಿಂದೆ ಕೊಳ್ಳುವವರು, ಅವರ ಮನೆಯವರು.

"ತಡೀರಿ!" ಅಂತ ಕೂಗಿಬಿಟ್ಟೆ.

ಮುಂದಿನದನ್ನು ಹಿಂದಿಯಲ್ಲಿ ಹೇಳಿದೆ, ಎಲ್ಲರಿಗೂ ತಿಳಿಯಲಿ ಅಂತ. ಒದ್ದೆ ಅರಿಶಿನ ತಾಗಿದರೆ ಬಟ್ಟಲು ಕೆಟ್ಟಿತು, ಸರ್ ಅವರನ್ನೇ ಕೇಳಿ. ಮತ್ತೆ ಮೊದಲು ಆ ಪಾಟ್ಲಿ ಬಿಚ್ಚಿಡಿ. ಹೋದ ವರ್ಷದ್ದು ಸೀಳಿದ್ದು ಅದು ಬಡಿದು. ನನ್ನ ಗಂಡನ ಕೈಯಿಂದ ಅಲ್ಲ.

ಮೇಡಂ ಆ ಬಳೆಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ರೇಷ್ಮೆ ಸೀರೆಗೆ ಅರಿಶಿನ ಮೆತ್ತಿತು. ಸುಳ್ಳು ಅನ್ನಲಿಲ್ಲ. ಕನ್ನಡದಲ್ಲಿ ಹಲ್ಲು ಕಚ್ಚಿ ಕೇಳಿದರು:

"ಯಾರೇ ಹೇಳಿದ್ದು ನಿಂಗೆ?"

ಸರ್‌ಗೆ ಕನ್ನಡ ಬರುವುದಿಲ್ಲ. ಹೆಂಡತಿಯ ಮುಖ ಓದಲು ಬರುತ್ತದಲ್ಲ. ಇವರಿಗಂತೂ ಒಂದೊಂದು ಅಕ್ಷರವೂ ತಿಳಿಯಿತು. ಬಟ್ಟಲನ್ನು ಪೆಟ್ಟಿಗೆಯ ಹತ್ತಿಯಲ್ಲಿ ಮೆಲ್ಲಗೆ ಇಟ್ಟರು. ಮೇಜಿನ ಮೇಲಿದ್ದ ಬನ್ನಿ ಎಲೆ ತೆಗೆದು ಮೇಡಂ ಮುಂದೆ ಹಿಡಿದರು.

"ಬನ್ನಿ ತಗೊಂಡು ಬಂಗಾರದಂಗ ಇರ್ರಿ, ಮೇಡಂ."

ಮೇಡಂ ಕೈ ಮುಂದೆ ಬರಲಿಲ್ಲ. ಇವರು ಎಲೆಯನ್ನು ಅಲ್ಲೇ ಇಟ್ಟು ಹೊರಟರು. ನಾನೂ ಬ್ಯಾಗ್ ತೆಗೆದುಕೊಂಡೆ. ಲೋಕಲ್ ಹಿಡಿದು ಚೆಂಬೂರಿಗೆ, ಮನೆಗೆ ಬಂದೆವು.

ಸರ್ ಫೋನು ಬಡಿದುಕೊಳ್ಳುತ್ತಿದೆ. ಬಡಿದುಕೊಳ್ಳಲಿ. ಬಟ್ಟಲು ಉಳಿಯಿತಲ್ಲ ಅನ್ನುವ ಹೊಟ್ಟೆಯುರಿ ಇನ್ನೂ ಒಂದಿಷ್ಟು ಇದೆ. ಇರಲಿ.

ಅಡುಗೆಮನೆಯಲ್ಲಿ ಸದ್ದು. ಇವರು ಮೇಲಿನ ಶೆಲ್ಫಿನಿಂದ ಗಾಜಿನ ಲೋಟ ಇಳಿಸುತ್ತಿದ್ದಾರೆ. ಎರಡು. ಧೂಳು ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಚಹಾ ಸೋಸಿ ಒಂದನ್ನು ನನ್ನ ಮುಂದಿಟ್ಟರು, ಇನ್ನೊಂದನ್ನು ತಾವೇ ಕೈಯಲ್ಲಿ ಹಿಡಿದು ಕೂತರು.