ಪಾರ್ಕಿಂಗ್ ಲಾಟಿನ ಆಚೆ ಫ್ರಾನ್ಸ್

ವೆಸ್ಟ್‌ಮಂಟ್, ಅಮೆರಿಕ
ಜನವರಿ 8, 2026, ಗುರುವಾರ ಬೆಳಿಗ್ಗೆ

ಪ್ರೀತಿಯ ಮನೋಹರ್ ಅವರಿಗೆ,

ಹೇಗಿದ್ದೀರಿ? ಮಂಡಿನೋವು ಇಳಿಯಿತೇ? ಅಷ್ಟು ಎತ್ತರದ ಊರಿನಲ್ಲಿ ಬಿಪಿ ಮಾತ್ರೆ ತಪ್ಪಿಸಬೇಡಿ, ಇನ್ನೊಂದು ತಿಂಗಳಿನದು ಕವರಿನಲ್ಲಿಟ್ಟಿದ್ದೇನೆ. ಫೋನಿನಲ್ಲಿ ಏನು ಕೇಳಿದರೂ "ಚೆನ್ನಾಗಿದೀನಿ ಕಣೆ" ಎನ್ನುತ್ತೀರಿ, ಅಷ್ಟರಲ್ಲಿ ಅನಿಕಾ ಫೋನು ಕಿತ್ತುಕೊಳ್ಳುತ್ತಾಳೆ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ಅರೋರಾದ ಶೇಷಾದ್ರಿ ಆಫೀಸಿನ ಕೆಲಸದ ಮೇಲೆ ಇವತ್ತು ಫ್ರಾನ್ಸಿನ ಟುಲೂಸ್‌ಗೆ ಹೊರಟಿದ್ದಾರೆ. ಶನಿವಾರ ಬಸ್ಸು ಹತ್ತಿ ನಿಮ್ಮ ಬೆಟ್ಟದೂರಿಗೇ ಬಂದು ಇದನ್ನು ಕೈಗೆ ಕೊಡುತ್ತಾರೆ. ಅವರದು ಅಮೆರಿಕದ ಪಾಸ್‌ಪೋರ್ಟು, ಗಡಿ ದಾಟಿ ಬರಲೂಬಹುದು, ಹೋಗಲೂಬಹುದು. ಚುಚ್ಚಬೇಕೆಂದೇ ಈ ಮಾತು ಬರೆದೆ.

ಇಲ್ಲಿ ನಾವಿಬ್ಬರೂ ಕ್ಷೇಮ. ಮಂಗಳವಾರ ಎಂಟು ಇಂಚು ಸ್ನೋ ಬಿತ್ತು. ಪಕ್ಕದ ಮನೆಯ ನಿರಂಜನ್ "ಬಿಡಿ ಅಕ್ಕ, ನಾನ್ ಮಾಡ್ಕೊಡ್ತೀನಿ" ಎಂದು ಸಲಿಕೆ ಹಿಡಿದು ಬಂದ. ನಾನು ಬಿಡಲಿಲ್ಲ. ನಿಮ್ಮ ಮಾತು ಕೇಳದ ಆ ಸ್ನೋಬ್ಲೋವರ್ ನನಗೆ ಮೂರನೇ ಎಳೆತಕ್ಕೇ ಸ್ಟಾರ್ಟ್ ಆಯಿತು. ಅನಿಕಾಳ ಶಾಲೆಯಲ್ಲಿ ರಜೆಯ ಬಗ್ಗೆ ಬರೆಯಿರಿ ಎಂದರಂತೆ. ಇವಳು "ನಮ್ಮಪ್ಪನನ್ನು ಬೇರೆ ದೇಶದಲ್ಲಿ ಬಿಟ್ಟುಬಂದೆವು" ಎಂದು ಇಂಗ್ಲಿಷಿನಲ್ಲಿ ಎರಡು ಪುಟ ಬರೆದಿದ್ದಾಳೆ. ಟೀಚರ್ ಗಾಬರಿಯಾಗಿ ಫೋನ್ ಮಾಡಿದ್ದರು. ಅವರಿಗೆ ನಾನು ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕಾಯಿತು. ಅಂಡೋರಾ ಎನ್ನುವುದು ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪುಟ್ಟ ಬೆಟ್ಟದ ದೇಶ, ಅಲ್ಲಿ ವಿಮಾನವೂ ಇಳಿಯುವುದಿಲ್ಲ, ರೈಲೂ ಹೋಗುವುದಿಲ್ಲ. ನಮ್ಮವರು ಫ್ರಾನ್ಸಿನಲ್ಲಿ ಇಳಿದದ್ದು ಒಂದು ಪ್ರವೇಶ. ಸ್ಕೀ ಮಾಡಲು ಅಂಡೋರಾಗೆ ಕಾಲಿಟ್ಟ ಗಳಿಗೆಯೇ ಅದು ಮುಗಿಯಿತು, ವಾಪಸು ಬರಬೇಕಾದರೆ ಎರಡನೆಯದು ಬೇಕು, ವೀಸಾದಲ್ಲಿ ಇದ್ದದ್ದು ಒಂದೇ ಎಂದೆ. ಆಕೆ ಪಾಪ, "ಓ" ಎಂದರು.

ವಾಪಸು ಬರುವಾಗ ಫ್ರಾನ್ಸಿನ ಗಡಿಯಲ್ಲಿ ನಿಲ್ಲಿಸಿದ ಆ ಬಸ್ಸು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಪೊಲೀಸಿನವನು ನಮ್ಮ ಮೂರೂ ಪಾಸ್‌ಪೋರ್ಟುಗಳನ್ನು ಒಟ್ಟಿಗೆ ತೆಗೆದುಕೊಂಡ. ನಮ್ಮಿಬ್ಬರದು ಅಮೆರಿಕದ್ದು, ನಿಮ್ಮದು ಭಾರತದ್ದು, ಆದರೂ ಮೂರೂ ನೀಲಿಯೇ, ದೂರದಿಂದ ಯಾವುದು ಯಾರದೆಂದು ಗೊತ್ತಾಗುವುದಿಲ್ಲ. ಎರಡನ್ನು ನನ್ನ ಕೈಗೆ ಕೊಟ್ಟು ನಿಮ್ಮದನ್ನು ಮಾತ್ರ ಇಟ್ಟುಕೊಂಡ. ನೀವು ಬ್ಯಾಗು ತೆಗೆದುಕೊಂಡು ಇಳಿದಿರಿ. ಅಷ್ಟು ಜನರ ಮುಂದೆ ನಾನು "ನೂರ್ ಸಲ ಬಡ್ಕೊಂಡೆ, ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿ ಅಂತ" ಎಂದೆ. ನೀವು ತಿರುಗಿ ನೋಡಿ "ಹೌದು ಕಣೆ, ನಂದೇ ತಪ್ಪು. ಮಗೂಗೆ ಸ್ಕೂಲಿದೆ, ನೀವು ಹೊರಡಿ" ಎಂದಿರಿ. ಹಾಗೆ ಕೂಗಾಡಿದ್ದು ತಪ್ಪು, ಒಪ್ಪುತ್ತೇನೆ. ಹೇಳಿದ ಮಾತು ಮಾತ್ರ ತಪ್ಪಲ್ಲ.

ಈಗ ನೀವು ಆ ಊರಿನ ಮನುಷ್ಯರೇ ಆಗಿಬಿಟ್ಟಿದ್ದೀರಿ. ಬೀದಿಗೆ ಬೀದಿಯೇ ಸೆಂಟು, ಸಿಗರೇಟು, ಬಾಟಲಿಯ ಅಂಗಡಿಗಳು. ತೆರಿಗೆಯಿಲ್ಲವೆಂದು ಗಡಿಯಾಚೆಯವರು ಚಕ್ರದ ಚೀಲ ಎಳೆದುಕೊಂಡು ಬರುತ್ತಾರೆ. ನೀವು ಅಲ್ಲಿ ಹುಡುಕಿ ಕಂಡುಹಿಡಿದದ್ದು ಗಟ್ಟಿ ಮೊಸರು. ಸ್ಕೀ ಬೇಡವೆಂದು ಬಿಸಿಲಿನಲ್ಲಿ ಕಾಫಿ ಹಿಡಿದು ಕೂತಿದ್ದವರು ಈಗ ದಿನಾ ಲಿಫ್ಟು ಹತ್ತಿ, ನಾಲ್ಕು ವರ್ಷದ ಮಕ್ಕಳ ಜೊತೆ ಜಾರುತ್ತೀರಂತೆ. ಸಂತೋಷ. ಆದರೆ ಸಂಜೆ ಪಾರ್ಕಿಂಗ್ ಲಾಟಿನ ತುದಿಯವರೆಗೆ ನಡೆದು, ಆಚೆಗಿರುವ ಫ್ರಾನ್ಸನ್ನು ನೋಡಿಕೊಂಡು ಬರುತ್ತೇನೆ ಎಂದಿರಲ್ಲ, ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಬೋಲಿಂಗ್‌ಬ್ರೂಕಿನ ಗೋಡೌನಿನಲ್ಲಿ ದಿನಕ್ಕೆ ಇನ್ನೂರು ಟ್ರಕ್ಕುಗಳ ಕಾಗದ ನೋಡುವವಳು ನಾನು. ಹನ್ನೊಂದು ವರ್ಷದಲ್ಲಿ ಒಂದು ಲೋಡೂ ತಪ್ಪು ಬಾಗಿಲಿಗೆ ಹೋಗಿಲ್ಲ. ನಮ್ಮ ಮನೆಯ ಫಾರ್ಮುಗಳೂ ನನ್ನ ಇಲಾಖೆಯೇ. ಈ ವೀಸಾ ಒಂದನ್ನು ನಿಮಗೆ ಬಿಟ್ಟದ್ದಕ್ಕೆ ನೋಡಿ, ಸಿಂಗಲ್ ಎಂಟ್ರಿ ಎನ್ನುವ ಕಡೆ ಒಂದು ಗುರುತು ಹಾಕಿ ಕೂತಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೊಸ ವೀಸಾಕ್ಕೆ ಅಲ್ಲಿನ ಫ್ರೆಂಚ್ ರಾಯಭಾರ ಕಚೇರಿಯವರು ಕೇಳಿದ ಮೂಲಪತ್ರಗಳೆಲ್ಲ ಕ್ರಮವಾಗಿ ಇವೆ, ಮೇಲಿಂದ ಕೆಳಕ್ಕೆ ಹಾಗೆಯೇ ಕೊಡಿ. ಖಂಡಿತ ಸಿಗುತ್ತದೆ.

ಎಲ್ಲದರ ಕೆಳಗೆ ಅಮೆರಿಕದ ಪೌರತ್ವದ ಅರ್ಜಿ ಇದೆ. ಪೂರ್ತಿ ತುಂಬಿದ್ದೇನೆ, ಹಳದಿ ಚೀಟಿ ಅಂಟಿಸಿದ ಕಡೆ ಸಹಿ ಮಾಡಿದರೆ ಸಾಕು. ಸೋಮವಾರ ನೀವೇ "ಸರಿ, ನೀನೇ ಗೆದ್ದೆ. ಫಾರ್ಮ್ ಕಳ್ಸು" ಎಂದಿರಿ. ಆರು ವರ್ಷದ ವಾದ ಅಲ್ಲಿಗೆ ಮುಗಿಯಿತು. ನಾನು ಈ ದೇಶದ ಪ್ರಜೆಯಾಗಿ ಪ್ರಮಾಣ ಮಾಡಿ ಬಂದ ದಿನ ಇದೇ ಅಡುಗೆಮನೆಯಲ್ಲಿ ನಿಂತು ನೀವು ಹೇಳಿದ್ದು ನೆನಪಿದೆ: "ಒಂದ್ ಕಡೆಯಾದ್ರೂ ನಾನು ವಿಸಿಟರ್ ಅಲ್ದೆ ಇರ್ಬೇಕು ಕಣೆ." ಮೈಸೂರಿಗೆ ಹೋದಾಗ ಪಾಸ್‌ಪೋರ್ಟಿನ ಸಾಲಿನಲ್ಲಿ ನಮ್ಮನ್ನು ಬಿಟ್ಟು ನೀವು ಬೇರೆ ನಿಲ್ಲುವುದೂ, ಅಲ್ಲಿ ನಿಮ್ಮ ಮುಖ ಬೆಳಗುವುದೂ ನನಗೆ ಗೊತ್ತು. ಆದರೆ ಒಂದು ಮನೆಯ ಮೂವರು ಒಂದು ಬಸ್ಸಿನಲ್ಲಿ ಬರಲಾಗದ ಮೇಲೆ ಅಂಥ ಹೆಮ್ಮೆಯಿಂದ ಏನು ಬಂತು? ಸಹಿ ಮಾಡಿ, ಶೇಷಾದ್ರಿ ಕೈಯಲ್ಲೇ ವಾಪಸು ಕಳಿಸಿ.

ಚಟ್ನಿಪುಡಿಯನ್ನು ಮೊಸರಿನ ಜೊತೆ ತಿನ್ನಿ, ಕಿವಿ ಮುಚ್ಚಿಕೊಂಡು ಓಡಾಡಿ. ಅನಿಕಾ ನಿಮಗೊಂದು ಮುತ್ತು ಕೊಟ್ಟಿದ್ದಾಳೆ, ಜೊತೆಗೆ ಸ್ಕೀ ವಿಡಿಯೋ ಕೇಳಿದ್ದಾಳೆ. ಬಾಲಾಜಿ ಗುಡಿಯ ಕುಂಕುಮ ಪೊಟ್ಟಣದಲ್ಲಿದೆ.

ನಿಮ್ಮ ದಾರಿ ಕಾಯುತ್ತಿರುವ,
ಭಾನು

ಮ.ವಿ.: ಶೇಷಾದ್ರಿ ಕಾರು ಡ್ರೈವ್‌ವೇಗೆ ಬಂದಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಹಳೆಯ ವೀಸಾ ಅರ್ಜಿಯದೂ ಒಂದು ಪ್ರತಿ ಕವರಿನಲ್ಲಿರಲಿ ಎಂದು ಪ್ರಿಂಟ್ ಮಾಡಲು ಹುಡುಕಿದೆ. ಅದು ನಿಮ್ಮ ಕಂಪ್ಯೂಟರಿನಲ್ಲಿಲ್ಲ, ನನ್ನದರಲ್ಲಿದೆ. ಅದನ್ನು ತುಂಬಿದ್ದು ಅಕ್ಟೋಬರ್ 14, ಮಧ್ಯಾಹ್ನ ಹನ್ನೆರಡೂವರೆ, ನನ್ನ ಊಟದ ಹೊತ್ತು. ಪಾಸ್‌ಪೋರ್ಟ್ ನಂಬರನ್ನು ನೀವು ಫೋನಿನಲ್ಲಿ ಓದಿ ಹೇಳಿದ್ದು ಈಗ ನೆನಪಾಯಿತು. ತುಂಬಿದವಳು ನಾನು, ದೊಣ್ಣೆ ಇದ್ದದ್ದು ನನ್ನ ಕೈಯಲ್ಲಿ. ಬಸ್ಸಿನಲ್ಲಿ "ನಂದೇ ತಪ್ಪು" ಎಂದಾಗ ನಿಮಗೆ ಇದು ಗೊತ್ತಿತ್ತು ಅಲ್ಲವೇ? ಪೌರತ್ವದ ಅರ್ಜಿಯನ್ನು ಕವರಿನಿಂದ ತೆಗೆದಿಟ್ಟಿದ್ದೇನೆ. ನನ್ನ ತಪ್ಪಿಗೆ ನೀವು ಸಹಿ ಮಾಡುವುದು ಬೇಡ. ಬೇಗ ಮನೆಗೆ ಬನ್ನಿ.